ಹೋಗಿ ಬರುವ ಪ್ರೋಟೀನು

ಬಳ್ಳಾರಿ ಜಿಲ್ಲೆಯ ಒಂದು ತುದಿಯಲ್ಲಿ ಸಂಡೂರಿನ ಗುಡ್ಡಗಳಿವೆ. ಅಲ್ಲಿಯ ಒಳ್ಳೆಯ ಅದಿರಿನಲ್ಲಿ ನೂರಕ್ಕೆ ಅರವತ್ತು ಪಾಲಿಗಿಂತ ಹೆಚ್ಚು ಕಬ್ಬಿಣ. ಇನ್ನೊಂದು ತುದಿಯಲ್ಲಿ, ತುಂಗಭದ್ರೆಯ ಕಾಲುವೆ ನೀರುಣ್ಣುವ ಸಿರುಗುಪ್ಪ ತಾಲ್ಲೂಕಿನಲ್ಲಿ, ಹಚ್ಚೊಳ್ಳಿಯಂಥ ಊರುಗಳಿವೆ. ಈ ಸೀಮೆಗೆ ಭತ್ತವೇ ಬದುಕು. ರಾಜ್ಯದ ಉಳಿದ ಊರುಗಳಂತೆ ಇಲ್ಲಿಯೂ ಬಸುರಿಯರಿಗೆ ಆರೋಗ್ಯ ಇಲಾಖೆಯ ಕೆಂಪು ಮಾತ್ರೆ ಸಿಗುತ್ತದೆ: 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಗುಡ್ಡದಲ್ಲಿರುವ ಕಬ್ಬಿಣ ಮೈಯಲ್ಲಿಲ್ಲ ಎಂದು ವ್ಯಂಗ್ಯವಾಡುವುದು ಸುಲಭ. ಆದರೆ ಅದಿರಿಗೂ ರಕ್ತಕ್ಕೂ ಅಂಥ ನೇರ ನಂಟಿಲ್ಲ. ಕಬ್ಬಿಣ ಊಟದಲ್ಲಿದ್ದರೆ ಸಾಲದು, ಕರುಳು ದಾಟಿ ರಕ್ತಕ್ಕೆ ಬಂದರೂ ಸಾಲದು. ಮೂಳೆಯ ಮಜ್ಜೆಯಲ್ಲಿ ಬೆಳೆಯುತ್ತಿರುವ ಒಂದೊಂದು ಕೋಶವೂ ಅದನ್ನು ಪೊರೆ ದಾಟಿಸಿ ಒಳಕ್ಕೆ ಎಳೆದುಕೊಳ್ಳಬೇಕು. ಆ ಎಳೆದುಕೊಳ್ಳುವಿಕೆಯನ್ನು ವಿಜ್ಞಾನ ಅರಿತ ಚರಿತ್ರೆಯಲ್ಲಿ ಬೆಂಗಳೂರಿಗೆ ಒಂದು ಗಟ್ಟಿ ಸ್ಥಾನವಿದೆ. ಈ ಚರಿತ್ರೆಯನ್ನು ಸಾಮಾನ್ಯವಾಗಿ ವಿಜ್ಞಾನಿಗಳ ಹೆಸರು, ಪ್ರಶಸ್ತಿಗಳ ಸರಣಿಯಾಗಿ ಹೇಳುತ್ತಾರೆ. ಅದು ಅರ್ಧ ಮಾತ್ರ ನಿಜವೆಂದು ನನ್ನ ವಾದ. ರಕ್ತದಲ್ಲಿ ಕಬ್ಬಿಣ ಹೊರುವ ಟ್ರಾನ್ಸ್‌ಫೆರಿನ್ ಎಂಬ ಒಂದು ಪ್ರೋಟೀನಿನ ನಡತೆ ಅರ್ಧ ಶತಮಾನದಲ್ಲಿ ಎಷ್ಟು ಚೆನ್ನಾಗಿ ಪರಿಚಯವಾಯಿತೆಂದರೆ, ಅದರಂತೆ ನಡೆಯದ ಇನ್ನೊಂದು ಪ್ರೋಟೀನು ಕಣ್ಣಿಗೆ ಬಿದ್ದದ್ದೇ ಅದರಿಂದ. ಬೆಂಗಳೂರಿನ ಶೋಧ ನಿಂತಿರುವುದು ಈ ಪರಿಚಯದ ಮೇಲೆ.

ಟ್ರಾನ್ಸ್‌ಫೆರಿನ್ ಮೊದಲು ಸಿಕ್ಕಿದ್ದು ಕೋಶದ ಬಾಗಿಲು ಹುಡುಕುವವರ ಕೈಗಲ್ಲ. 1944ರಲ್ಲಿ ಅಮೆರಿಕದ ಆರ್ಥರ್ ಶೇಡ್ ಮತ್ತು ಲಿಯೋನಾ ಕ್ಯಾರೊಲೈನ್, ಕೋಳಿಮೊಟ್ಟೆಯ ಬಿಳಿಯ ಭಾಗದಲ್ಲಿ ಬ್ಯಾಕ್ಟೀರಿಯ ಬೆಳೆಯದಿರಲು ಕಾರಣವೇನೆಂದು ನೋಡುತ್ತಿದ್ದರು. ಅದಕ್ಕೆ ಕಬ್ಬಿಣ ಸೇರಿಸಿದರೆ ಬ್ಯಾಕ್ಟೀರಿಯ ಮತ್ತೆ ಬೆಳೆಯುತ್ತಿತ್ತು. ಅಂದರೆ ಬಿಳಿಯಲ್ಲಿರುವ ಯಾವುದೋ ಪ್ರೋಟೀನು ಕಬ್ಬಿಣವನ್ನು ಕಟ್ಟಿಹಾಕಿ ಕ್ರಿಮಿಗಳನ್ನು ಉಪವಾಸ ಕೆಡವುತ್ತಿತ್ತು. ಎರಡು ವರ್ಷದ ಬಳಿಕ ಮನುಷ್ಯರ ಪ್ಲಾಸ್ಮಾದಲ್ಲೂ ಅಂಥದೇ ಗುಣವನ್ನು ಅವರು ಕಂಡರು. ಅದೇ ಹೊತ್ತಿಗೆ ಸ್ವೀಡನ್ನಿನಲ್ಲಿ ಕಾರ್ಲ್ ಹೋಲ್ಮ್‌ಬರ್ಗ್ ಮತ್ತು ಕಾರ್ಲ್-ಬರ್ಟಿಲ್ ಲೌರೆಲ್ ರಕ್ತಸಾರ ಎಷ್ಟು ಕಬ್ಬಿಣವನ್ನು ಹಿಡಿದಿಡಬಲ್ಲದೆಂದು ಅಳೆಯುತ್ತಿದ್ದರು. 1947ರಲ್ಲಿ ಆ ಪ್ರೋಟೀನಿಗೆ ಟ್ರಾನ್ಸ್‌ಫೆರಿನ್ ಎಂಬ ಹೆಸರು ಬಂತು. ಸುಮಾರು 80,000 ಡಾಲ್ಟನ್ ತೂಕದ, 679 ಅಮೈನೋ ಆಮ್ಲಗಳ ಒಂದೇ ಸರಪಳಿ ಇದು. ಎರಡು ಹಾಲೆಗಳು, ಹಾಲೆಗೊಂದರಂತೆ ಎರಡು ಕಬ್ಬಿಣದ ಅಯಾನುಗಳಿಗೆ ಜಾಗ. ಪ್ಲಾಸ್ಮಾದ ಒಂದು ಲೀಟರಿನಲ್ಲಿ ಎರಡು ಮೂರು ಗ್ರಾಂ ಇರುತ್ತದೆ. ಕಬ್ಬಿಣ ಹಿಡಿದಾಗ ಅದಕ್ಕೊಂದು ನಸುಗೆಂಪು ಬಣ್ಣ ಬರುತ್ತದೆ, ಬಿಟ್ಟಾಗ ಬಣ್ಣ ಹೋಗುತ್ತದೆ. ಲ್ಯಾಬಿನಲ್ಲಿ ಕೆಲಸ ಮಾಡುವವರಿಗೆ ಇದೊಂದು ದೊಡ್ಡ ಅನುಕೂಲ: ಶೀಷೆಯಲ್ಲಿರುವ ಪ್ರೋಟೀನು ತುಂಬಿದೆಯೋ ಖಾಲಿಯೋ ಎಂದು ಬಣ್ಣವೇ ಹೇಳುತ್ತದೆ.

ಬಾಗಿಲಿನ ಪ್ರಶ್ನೆ ಬಂದದ್ದು 1959ರಲ್ಲಿ. ಬಾಸ್ಟನ್ನಿನ ಜೇಮ್ಸ್ ಜಾಂಡ್ಲ್ ಮತ್ತು ಸಂಗಡಿಗರು, ಇನ್ನೂ ಪೂರ್ತಿ ಬಲಿಯದ ಕೆಂಪು ರಕ್ತಕಣಗಳನ್ನು ಟ್ರಾನ್ಸ್‌ಫೆರಿನ್ ಜೊತೆ ಇಟ್ಟು ನೋಡಿದರು. ಕಣಗಳು ಕಬ್ಬಿಣವನ್ನು ಚುರುಕಾಗಿ ಎತ್ತಿಕೊಂಡವು. ಆದರೆ ಆ ಕಣಗಳ ಮೈಯನ್ನು ಮೊದಲೇ ಟ್ರಿಪ್ಸಿನ್ ಎಂಬ ಕಿಣ್ವದಿಂದ ಸವರಿದರೆ ಎತ್ತಿಕೊಳ್ಳುವ ಶಕ್ತಿಯೇ ಹೋಗುತ್ತಿತ್ತು. ಟ್ರಿಪ್ಸಿನ್ ಪ್ರೋಟೀನುಗಳನ್ನು ಕತ್ತರಿಸುವ ಕಿಣ್ವ. ಹಾಗಾದರೆ ಟ್ರಾನ್ಸ್‌ಫೆರಿನನ್ನು ಗುರುತಿಸಿ ಹಿಡಿಯುವ ಇನ್ನೊಂದು ಪ್ರೋಟೀನು, ಒಂದು ರಿಸೆಪ್ಟರು, ಪೊರೆಯ ಹೊರಮೈಯಲ್ಲಿ ಇರಲೇಬೇಕು. 1963ರಲ್ಲಿ ಜಾಂಡ್ಲ್ ಮತ್ತು ಕ್ಯಾಟ್ಜ್ ಇನ್ನೊಂದು ಮಾತು ಸೇರಿಸಿದರು: ಕಬ್ಬಿಣ ಇಳಿಸಿದ ಟ್ರಾನ್ಸ್‌ಫೆರಿನ್ ಹಾಳಾಗದೆ ಪ್ಲಾಸ್ಮಾಕ್ಕೆ ಮರಳುತ್ತದೆ. ಹೇಗೆ ಹೋಗುತ್ತದೆ, ಎಲ್ಲಿ ಇಳಿಸುತ್ತದೆ ಎಂಬುದು ಮಾತ್ರ ಇಪ್ಪತ್ತು ವರ್ಷ ಬಗೆಹರಿಯಲಿಲ್ಲ. ಆ ನಡುವೆ ಬಾಗಿಲಿನ ಆಕಾರ ಬೇರೆ ಕಡೆಯಿಂದ ಗೊತ್ತಾಯಿತು. 1964ರಲ್ಲಿ ಥಾಮಸ್ ರಾತ್ ಮತ್ತು ಕೀತ್ ಪೋರ್ಟರ್ ಸೊಳ್ಳೆಯ ಮೊಟ್ಟೆಕೋಶವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ರಕ್ತ ಹೀರಿದ ಸೊಳ್ಳೆಯ ಮೊಟ್ಟೆಯ ಪೊರೆಯಲ್ಲಿ ಮುಳ್ಳುಮುಳ್ಳಾದ ಹೊದಿಕೆಯಿದ್ದ ಸಣ್ಣ ಗುಂಡಿಗಳು ಸಾವಿರಗಟ್ಟಲೆ ಎದ್ದಿದ್ದವು. ಅವು ಒಳಕ್ಕೆ ಚಿವುಟಿಕೊಂಡು ಗುಳ್ಳೆಗಳಾಗಿ ಪೋಷಕಾಂಶವನ್ನು ಒಯ್ಯುತ್ತಿದ್ದವು. 1976ರಲ್ಲಿ ಕೇಂಬ್ರಿಜ್‌ನ ಬಾರ್ಬರಾ ಪಿಯರ್ಸ್ ಹಂದಿಯ ಮೆದುಳಿನಿಂದ ಆ ಹೊದಿಕೆಯನ್ನು ಶುದ್ಧಮಾಡಿ ಅದರ ಪ್ರೋಟೀನಿಗೆ ಕ್ಲಾಥ್ರಿನ್ ಎಂದು ಹೆಸರಿಟ್ಟರು. ಅದೇ ದಶಕದಲ್ಲಿ ಟೆಕ್ಸಾಸ್‌ನ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಕೊಲೆಸ್ಟರಾಲ್ ಹೊತ್ತ ಕಣಗಳು ಇದೇ ಗುಂಡಿಗಳಿಂದ ಒಳಹೋಗುತ್ತವೆಂದು ತೋರಿಸಿ, 1985ರಲ್ಲಿ ನೊಬೆಲ್ ಪಡೆದರು.

ಟ್ರಾನ್ಸ್‌ಫೆರಿನ್ನಿನ ಗುಟ್ಟು ಒಡೆದದ್ದು 1983ರಲ್ಲಿ. ಆಲಿಸ್ ಡೋಟ್ರಿ-ವಾರ್ಸಾ, ಆರನ್ ಚೀಹನೋವರ್ ಮತ್ತು ಹಾರ್ವೆ ಲೋಡಿಷ್ ಕಂಡುಕೊಂಡದ್ದು ಹುಳಿಯ, ಅಂದರೆ ಪಿಎಚ್‌ನ ಲೆಕ್ಕ. ಈ ಚೀಹನೋವರ್ ಮುಂದೆ 2004ರಲ್ಲಿ ಬೇರೆ ಶೋಧಕ್ಕಾಗಿ ನೊಬೆಲ್ ಪಡೆದವರು. ರಕ್ತದ ಪಿಎಚ್ ಸುಮಾರು 7.4. ಅಲ್ಲಿ ರಿಸೆಪ್ಟರು ಕಬ್ಬಿಣ ತುಂಬಿದ ಟ್ರಾನ್ಸ್‌ಫೆರಿನನ್ನು ಬಿಗಿಯಾಗಿ ಹಿಡಿಯುತ್ತದೆ, ಖಾಲಿಯಾದದ್ದನ್ನು ಹಿಡಿಯುವುದಿಲ್ಲ. ಇಬ್ಬರೂ ಜೊತೆಯಾಗಿ ಗುಂಡಿಯಿಂದ ಒಳಗಿನ ಗುಳ್ಳೆಗೆ, ಅಂದರೆ ಎಂಡೋಸೋಮಿಗೆ ಬರುತ್ತಾರೆ. ಅಲ್ಲಿ ಪಿಎಚ್ 6ಕ್ಕೂ ಕೆಳಗೆ ಇಳಿಯುತ್ತದೆ. ಆ ಹುಳಿಗೆ ಕಬ್ಬಿಣ ಕಳಚಿಕೊಳ್ಳುತ್ತದೆ. ಆದರೆ ಖಾಲಿಯಾದ ಟ್ರಾನ್ಸ್‌ಫೆರಿನ್ ಅದೇ ಹುಳಿಯಲ್ಲಿ ರಿಸೆಪ್ಟರಿಗೆ ಅಂಟಿಯೇ ಇರುತ್ತದೆ. ಗುಳ್ಳೆ ಮತ್ತೆ ಪೊರೆಗೆ ಬಂದು ಹೊರಗಿನ 7.4 ತಗುಲಿದೊಡನೆ ಅದು ಬಿಟ್ಟುಹೋಗುತ್ತದೆ. ಸಿರುಗುಪ್ಪದ ರೈಸ್ ಮಿಲ್ಲಿಗೆ ಭತ್ತ ತುಂಬಿ ಹೋದ ಗೋಣಿಚೀಲ, ಸುರಿದ ಮೇಲೆ ಖಾಲಿಯಾಗಿ ಅದೇ ಗಾಡಿಯಲ್ಲಿ ಹೊಲಕ್ಕೆ ವಾಪಸಾಗುವ ಹಾಗೆ. ಮಿಲ್ಲಿನಲ್ಲಿ ಚೀಲವನ್ನು ಹರಿಯುವುದಿಲ್ಲ ಎಂಬುದೇ ಇಲ್ಲಿಯ ಮುಖ್ಯ ಸಂಗತಿ. ಕೊಲೆಸ್ಟರಾಲ್ ಕಣವಾಗಲಿ ಎಷ್ಟೋ ಹಾರ್ಮೋನುಗಳಾಗಲಿ ಒಳಗೆ ಹೋದರೆ ಲೈಸೋಸೋಮ್ ಎಂಬ ಜೀರ್ಣಕೋಣೆಯಲ್ಲಿ ಚೂರಾಗುತ್ತವೆ. ಟ್ರಾನ್ಸ್‌ಫೆರಿನ್ ಮಾತ್ರ ಇಡಿಯಾಗಿ ಹೊರಬರುತ್ತದೆ. ಯಕೃತ್ತಿನ ಗಡ್ಡೆಯಿಂದ ಬೆಳೆಸಿದ ಕೋಶಗಳಲ್ಲಿ ಈ ಒಂದು ಸುತ್ತಿಗೆ ಹಿಡಿದ ಹೊತ್ತು ಸುಮಾರು 16 ನಿಮಿಷ.

ಈ ಗುಣದಿಂದಲೇ ಟ್ರಾನ್ಸ್‌ಫೆರಿನ್ ಜೀವಕೋಶ ವಿಜ್ಞಾನಿಗಳ ಅಳತೆಗೋಲಾಯಿತು. ಅದಕ್ಕೊಂದು ಹೊಳೆಯುವ ಬಣ್ಣ ಅಂಟಿಸಿ ಕೋಶಗಳ ಮೇಲೆ ಸುರಿದರೆ, ಮೊದಲ ನಿಮಿಷಗಳಲ್ಲಿ ಅದು ಎಲ್ಲಿರಬೇಕು, ಹತ್ತು ನಿಮಿಷದ ಬಳಿಕ ಎಲ್ಲಿರಬೇಕು ಎಂಬುದು ಗೊತ್ತಿರುವ ಮಾತು. ಬೇರೆ ಯಾವುದೇ ವಸ್ತು ಅದರ ಜೊತೆ ಹೋಗುತ್ತಿದೆಯೋ ಇಲ್ಲವೋ ಎಂದು ಹೋಲಿಸಬಹುದು. ಆದರೆ ಒಂದು ತೊಡಕಿತ್ತು: ಬಹುಪಾಲು ಕೋಶಗಳಲ್ಲಿ ತಮ್ಮದೇ ರಿಸೆಪ್ಟರು ಇರುತ್ತದೆ, ಹೀಗಾಗಿ ರಿಸೆಪ್ಟರಿನಲ್ಲಿ ತಿದ್ದುಪಡಿ ಮಾಡಿ ಪರಿಣಾಮ ನೋಡುವುದು ಕಷ್ಟ. ಇಲ್ಲಿ ಮರುಸಂಯೋಜಿತ ಡಿಎನ್‌ಎ ತಂತ್ರ ಕೈಗೆ ಬಂತು. 1984ರಲ್ಲಿ ಮನುಷ್ಯರ ಟ್ರಾನ್ಸ್‌ಫೆರಿನ್ ಮತ್ತು ಅದರ ರಿಸೆಪ್ಟರು, ಎರಡರ ವಂಶವಾಹಿಗಳನ್ನೂ ಓದಿ ಮುಗಿಸಿದ್ದರು. 1987ರಲ್ಲಿ ನ್ಯೂಯಾರ್ಕಿನಲ್ಲಿ ಟಿಮೊತಿ ಮೆಗ್ರಾ, ಗ್ರೀನ್‌ಫೀಲ್ಡ್ ಮತ್ತು ಫ್ರೆಡ್ರಿಕ್ ಮ್ಯಾಕ್ಸ್‌ಫೀಲ್ಡ್, ತಮ್ಮದೇ ಟ್ರಾನ್ಸ್‌ಫೆರಿನ್ ರಿಸೆಪ್ಟರು ಇಲ್ಲದಂತಾಗಿದ್ದ ಚೀನೀ ಹ್ಯಾಮ್‌ಸ್ಟರ್ ಕೋಶಗಳನ್ನು ಆರಿಸಿ, ಅವುಗಳಲ್ಲಿ ಮನುಷ್ಯರ ರಿಸೆಪ್ಟರಿನ ವಂಶವಾಹಿ ಇಟ್ಟರು. ಇಲಿಯ ಜಾತಿಯ ಪ್ರಾಣಿಯ ಕೋಶದ ಮೈಮೇಲೆ ಮನುಷ್ಯರ ರಿಸೆಪ್ಟರು ನಿಂತಿತು, ತನ್ನ ಕೆಲಸವನ್ನೂ ಸರಿಯಾಗಿ ಮಾಡಿತು. ಕೋಶ ತನ್ನ ರಿಸೆಪ್ಟರುಗಳನ್ನು ಹೇಗೆ ಒಳಗೆ ಕರೆದುಕೊಳ್ಳುತ್ತದೆಂದು ಓದಲು ಮನುಷ್ಯರ ಮರುಸಂಯೋಜಿತ ಪ್ರೋಟೀನನ್ನು ಬಳಸುವ ರೂಢಿ ನೆಲೆಯೂರಿದ್ದರಲ್ಲಿ ಈ ಕೋಶಸಂತತಿಗಳ ಪಾಲು ದೊಡ್ಡದು. ಬೆಂಗಳೂರಿಗೆ ಆ ರೂಢಿ ಬಂದದ್ದು ಇದೇ ಮ್ಯಾಕ್ಸ್‌ಫೀಲ್ಡ್ ಲ್ಯಾಬಿನ ಮೂಲಕ.

ಆದರೆ ಅದಕ್ಕೂ ಮುಂಚೆ ಭಾರತದಲ್ಲಿ ಒಂದು ನೊಣದ ಸಂತತಿ ಬೆಳೆದಿತ್ತು. ಹಣ್ಣುನೊಣದ ಶಿಬಿರೆ ಎಂಬ ತಳಿ 1973ರಲ್ಲಿ ಕೆನಡಾದ ಡೇವಿಡ್ ಸುಜುಕಿ ಬಳಗದಿಂದ ವರದಿಯಾಯಿತು. ಮಾಮೂಲು ಬಿಸಿಯಲ್ಲಿ ಈ ನೊಣ ಚೆನ್ನಾಗಿಯೇ ಹಾರಾಡುತ್ತದೆ; 29 ಡಿಗ್ರಿಗೆ ಏರಿಸಿದರೆ ಎರಡೇ ನಿಮಿಷದಲ್ಲಿ ಕಾಲು ಮಡಚಿ ಬಿದ್ದುಬಿಡುತ್ತದೆ; ತಂಪು ಮಾಡಿದರೆ ಮತ್ತೆ ಏಳುತ್ತದೆ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಒಬೈದ್ ಸಿದ್ದೀಖಿ ಇಂಥ ಬಿಸಿಗೆ ಬೀಳುವ ನೊಣಗಳ ಮೇಲೆ ಕೆಲಸ ಮಾಡಿದರು. ಸೀಮೋರ್ ಬೆಂಜರ್ ಜೊತೆಗಿನ ಅವರ ಪ್ರಬಂಧ 1976ರದು. ಅದೇ ಸಂಸ್ಥೆಯ ಕೆ. ಎಸ್. ಕೃಷ್ಣನ್ ದೀರ್ಘಕಾಲ ಶಿಬಿರೆಯ ಬೆನ್ನು ಹಿಡಿದರು. ಬಿಸಿ ಏರಿದಾಗ ಈ ನೊಣದ ನರದ ತುದಿಯಲ್ಲಿ ಪೊರೆಯ ಗುಂಡಿಗಳು ಒಳಕ್ಕೆ ಬಾಗುತ್ತವೆ, ಆದರೆ ಕುತ್ತಿಗೆ ಕತ್ತರಿಸಿಕೊಂಡು ಗುಳ್ಳೆಯಾಗುವುದಿಲ್ಲ ಎಂದು 1983ರಲ್ಲಿ ಕೊಸಾಕ ಮತ್ತು ಇಕೆದ ತೋರಿಸಿದರು. 1991ರಲ್ಲಿ ಆ ವಂಶವಾಹಿ ಡೈನಮಿನ್ ಎಂಬ ಪ್ರೋಟೀನಿನದೆಂದು ತಿಳಿಯಿತು. ಕೆಲವೇ ವರ್ಷಗಳಲ್ಲಿ ಸಾಂಡ್ರಾ ಸ್ಮಿಡ್ ಅವರ ಬಳಗ ಮನುಷ್ಯರ ಡೈನಮಿನ್ನಿನಲ್ಲೂ ಅಂಥದೇ ದೋಷ ತಂದು, ಅದಿದ್ದ ಕೋಶಗಳಲ್ಲಿ ಟ್ರಾನ್ಸ್‌ಫೆರಿನ್ ಒಳಹೋಗುವುದು ನಿಂತುಹೋಗುತ್ತದೆಂದು ತೋರಿಸಿತು. ನಡುವೆ ಒಂದು ವಿಚಿತ್ರವೂ ಕಂಡಿತು. ಟ್ರಾನ್ಸ್‌ಫೆರಿನ್ ನಿಂತರೂ ಕೋಶ ಸುತ್ತಲಿನ ದ್ರವವನ್ನು ಹೀರುವುದು ಪೂರ್ತಿ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಚೇತರಿಸಿಕೊಂಡಿತು. ಆ ಬಳಗದ 1995ರ ಪ್ರಬಂಧ ಇದನ್ನು ಕ್ಲಾಥ್ರಿನ್ ಇಲ್ಲದ ಮಾರ್ಗ ಎಂದು ಕರೆಯಿತು. ಆ ಮಾರ್ಗದಲ್ಲಿ ಸಹಜವಾಗಿ ಸಾಗುವ ಸರಕು ಯಾವುದು ಎಂಬ ಪ್ರಶ್ನೆ ಉಳಿಯಿತು.

ಆ ಹೊತ್ತಿಗೆ ಬೆಂಗಳೂರಿನಲ್ಲಿ ಸಿದ್ದೀಖಿ ಕಟ್ಟಿದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಎಲ್ಲರೂ ಎನ್‌ಸಿಬಿಎಸ್ ಎನ್ನುವುದು, ಶುರುವಾಗಿತ್ತು. ಟಾಟಾ ಸಂಸ್ಥೆಯ ಅಂಗವಾದ ಅದು ಮೊದಲು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ನೆಲೆಸಿ, ಬಳಿಕ ಕೃಷಿ ವಿಶ್ವವಿದ್ಯಾಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ (ಜಿಕೆವಿಕೆ) ಆವರಣಕ್ಕೆ ಬಂತು. ಜಿಕೆವಿಕೆಯನ್ನು ಕೃಷಿ ಮೇಳದಿಂದ ಬಲ್ಲ ಸಿರುಗುಪ್ಪದ ರೈತರಿಗೆ ಅದರ ಒಂದು ಮೂಲೆಯಲ್ಲಿ ಹಣ್ಣುನೊಣ ಸಾಕುವವರಿದ್ದಾರೆಂಬುದು ಗೊತ್ತಿರಲಾರದು. ಮ್ಯಾಕ್ಸ್‌ಫೀಲ್ಡ್ ಲ್ಯಾಬಿನಲ್ಲಿ ಪಳಗಿದ್ದ ಸತ್ಯಜಿತ್ ಮೇಯರ್ 1995ರಲ್ಲಿ ಎನ್‌ಸಿಬಿಎಸ್ ಸೇರಿದರು. 1993ರಲ್ಲೇ ಅವರು ಜಾನ್ ಪ್ರೆಸ್ಲಿ ಮತ್ತು ಮ್ಯಾಕ್ಸ್‌ಫೀಲ್ಡ್ ಜೊತೆ ಎಂಡೋಸೋಮಿನಿಂದ ಪೊರೆಗೆ ಮರಳುವ ದಾರಿಯನ್ನು ಅಳೆದವರು. ಬೆಂಗಳೂರಿನಲ್ಲಿ ಅವರು ಹಿಡಿದದ್ದು ಪೊರೆಗೆ ಕೊಬ್ಬಿನ ಗೂಟದಿಂದ ಕಚ್ಚಿಕೊಂಡಿರುವ, ಒಳಗೆ ಬಾಲವಿಲ್ಲದ ಪ್ರೋಟೀನುಗಳನ್ನು. ಜಿಪಿಐ ಪ್ರೋಟೀನುಗಳೆಂದು ಅವುಗಳ ಹೆಸರು. ಟ್ರಾನ್ಸ್‌ಫೆರಿನ್ ರಿಸೆಪ್ಟರಿನ ಬಾಲ ಪೊರೆಯಾಚೆ ಕೋಶದೊಳಗೆ ಚಾಚಿರುತ್ತದೆ. ಕ್ಲಾಥ್ರಿನ್ ಯಂತ್ರ ಆ ಬಾಲವನ್ನೇ ಹಿಡಿದು ಎಳೆಯುತ್ತದೆ. ಬಾಲವಿಲ್ಲದ್ದು ಹೇಗೆ ಒಳಹೋಗುತ್ತದೆ? ಇದನ್ನು ನೋಡಲು ಬಳಸಿದ ಹ್ಯಾಮ್‌ಸ್ಟರ್ ಕೋಶಗಳಲ್ಲಿ ಮನುಷ್ಯರ ಎರಡು ರಿಸೆಪ್ಟರುಗಳಿದ್ದವು: ಒಂದು ಟ್ರಾನ್ಸ್‌ಫೆರಿನ್ನಿನದು, ಇನ್ನೊಂದು ಫೋಲೇಟಿನದು. ಫೋಲೇಟ್ ರಿಸೆಪ್ಟರು ಜಿಪಿಐ ಪ್ರೋಟೀನು. ಆರೋಗ್ಯ ಇಲಾಖೆಯ ಕೆಂಪು ಮಾತ್ರೆಯ ಎರಡು ಸರಕುಗಳಿಗೆ ಒಂದೇ ಕೋಶದ ಮೈಮೇಲೆ ಒಂದೊಂದು ಬಾಗಿಲು. (ಮಾತ್ರೆಯ ಫೋಲಿಕ್ ಆಮ್ಲ ಎಲ್ಲ ಅಂಗಾಂಶಗಳಲ್ಲೂ ಇದೇ ಬಾಗಿಲಿನಿಂದ ಹೋಗುತ್ತದೆಂದು ಇದರರ್ಥವಲ್ಲ, ಅದಕ್ಕೆ ಬೇರೆ ಸಾಗಣೆಗಾರರೂ ಇದ್ದಾರೆ.)

2002ರಲ್ಲಿ ಶೆಫಾಲಿ ಸಭರಂಜಕ್, ಪ್ರಣವ್ ಶರ್ಮ, ಆಸ್ಟ್ರೇಲಿಯಾದ ರಾಬರ್ಟ್ ಪಾರ್ಟನ್ ಮತ್ತು ಮೇಯರ್ ಪ್ರಕಟಿಸಿದ ಪ್ರಬಂಧದ ಸಾರ ಹೀಗೆ. ಎರಡು ರಿಸೆಪ್ಟರುಗಳಿಗೂ ಬೇರೆ ಬೇರೆ ಬಣ್ಣದ ಗುರುತು ಕೊಟ್ಟು, ಒಳಹೋದ ಮೊದಲೆರಡು ನಿಮಿಷಗಳಲ್ಲೇ ನೋಡಿದರೆ ಎರಡು ಬಣ್ಣಗಳೂ ಬೇರೆ ಬೇರೆ ಗುಳ್ಳೆಗಳಲ್ಲಿದ್ದವು. ಫೋಲೇಟ್ ರಿಸೆಪ್ಟರಿನ ಜೊತೆಗಿದ್ದದ್ದು ಕೋಶ ಹೀರಿದ ದ್ರವ. ಇನ್ನಷ್ಟು ಹೊತ್ತು ಬಿಟ್ಟರೆ ಎರಡೂ ಒಂದೇ ಮರುರವಾನೆಯ ಕೋಣೆಯಲ್ಲಿ ಸೇರುತ್ತಿದ್ದವು. ತಡವಾಗಿ ನೋಡಿದವರಿಗೆ ದಾರಿ ಒಂದೇ ಎನಿಸುವುದು ಸಹಜವೇ. ಡೈನಮಿನ್ನಿನ ಕೆಲಸ ಕೆಡಿಸಿದಾಗ ಟ್ರಾನ್ಸ್‌ಫೆರಿನ್ ನಿಂತಿತು, ಈ ದಾರಿ ನಿಲ್ಲಲಿಲ್ಲ; ಸಿಡಿಸಿ42 ಎಂಬ ಇನ್ನೊಂದು ಪ್ರೋಟೀನನ್ನು ತಡೆದಾಗ ಈ ದಾರಿಗೆ ಪೆಟ್ಟು ಬಿತ್ತು. ಮರುವರ್ಷ ಕೃಷ್ಣನ್ ಮತ್ತು ಮೇಯರ್ ಅವರ ಬಳಗಗಳು ಕೂಡಿ, ಶಿಬಿರೆ ನೊಣದ ರಕ್ತಕೋಶಗಳನ್ನೇ ಬಿಸಿ ಮಾಡಿ, ಡೈನಮಿನ್ ಬೇಕಾದ ದಾರಿ ಮತ್ತು ಬೇಡದ ದಾರಿ ಎರಡೂ ನೊಣದಲ್ಲೂ ಇವೆಯೆಂದು ತೋರಿಸಿದವು. ಮುಂಬೈಯ ನೊಣವೂ ನ್ಯೂಯಾರ್ಕಿನ ಹ್ಯಾಮ್‌ಸ್ಟರ್ ಕೋಶವೂ ಜಿಕೆವಿಕೆಯಲ್ಲಿ ಒಂದಾದವು ಎನ್ನಬಹುದು. ಮೇಯರ್‌ಗೆ 2003ರಲ್ಲಿ ಭಟ್ನಾಗರ್ ಪ್ರಶಸ್ತಿ, 2012ರಲ್ಲಿ ಇನ್ಫೋಸಿಸ್ ಪ್ರಶಸ್ತಿ ಬಂದವು. ಈ ದಾರಿಯನ್ನು ಬಳಸುವ ವೈರಸ್ಸುಗಳೂ ವಿಷಗಳೂ ಇವೆಯೆಂದು ಬೇರೆ ಲ್ಯಾಬುಗಳು ಕಂಡುಕೊಂಡವು. 2021ರಲ್ಲಿ ಬೆಂಗಳೂರಿನ ತಂಡವೇ ಕೊರೋನಾ ವೈರಸ್ಸಿನ ಮುಳ್ಳಿನ ಒಂದು ತುಣುಕನ್ನು ಮರುಸಂಯೋಜಿತ ಪ್ರೋಟೀನಾಗಿ ಬಳಸಿ, ಅದೂ ಇದೇ ದಾರಿ ಹಿಡಿಯಬಲ್ಲದೆಂದು ವರದಿ ಮಾಡಿತು.

ಇಲ್ಲಿ ಒಂದು ಬಲವಾದ ಆಕ್ಷೇಪ ಏಳುತ್ತದೆ. ಟ್ರಾನ್ಸ್‌ಫೆರಿನ್ ಅಷ್ಟು ಒಳ್ಳೆಯ ಅಳತೆಗೋಲಾದರೆ, ಎರಡನೆಯ ದಾರಿ ಕಾಣಲು ಇಷ್ಟು ವರ್ಷ ಏಕೆ ಬೇಕಾಯಿತು? ಎಲ್ಲರೂ ಒಂದೇ ಪ್ರೋಟೀನನ್ನು ನೋಡುತ್ತ ಕುಳಿತದ್ದರಿಂದಲೇ ಅದು ಹೋಗುವ ದಾರಿಯೇ ಏಕೈಕ ದಾರಿ ಎಂಬ ಭ್ರಮೆ ಬೆಳೆಯಲಿಲ್ಲವೇ? ಇದರಲ್ಲಿ ಸತ್ಯವಿದೆ, ಅಲ್ಲಗಳೆಯುವಂತಿಲ್ಲ. 1980ರ ದಶಕದಲ್ಲೇ ಹರಳುಬೀಜದ ವಿಷವಾದ ರಿಸಿನ್ ಮೇಲೆ ಕೆಲಸ ಮಾಡಿದವರು ಅನುಮಾನ ಎತ್ತಿದ್ದರು. 1985ರ ಒಂದು ಪ್ರಬಂಧ ಹೊದಿಕೆಯ ಗುಂಡಿಗಳು ಏಳದಂತೆ ಮಾಡಿದಾಗ ಡಿಫ್ತೀರಿಯಾ ವಿಷ ಕೋಶವನ್ನು ಕೊಲ್ಲಲಾರದು, ರಿಸಿನ್ ಮಾತ್ರ ಕೊಲ್ಲುತ್ತದೆ ಎಂದಿತ್ತು. ಆ ಪ್ರಬಂಧದ ಲೇಖಕರಲ್ಲಿ ಡೋಟ್ರಿ-ವಾರ್ಸಾ ಇದ್ದರೆಂಬುದನ್ನು ಮರೆಯಬಾರದು. ಟ್ರಾನ್ಸ್‌ಫೆರಿನ್ ಚಕ್ರವನ್ನು ಕಂಡವರೇ ಅದರ ಮಿತಿಯನ್ನೂ ಮೊದಲು ತೋರಿಸಿದವರಲ್ಲಿ ಒಬ್ಬರು. ಆದರೂ ರಿಸಿನ್ ಪುರಾವೆ ಬಹಳ ಮಂದಿಯನ್ನು ಒಪ್ಪಿಸಲಿಲ್ಲ. ರಿಸಿನ್ ಪೊರೆಯ ಮೇಲೆ ಗ್ಯಾಲಕ್ಟೋಸ್ ಎಂಬ ಸಕ್ಕರೆ ತುದಿಯಲ್ಲಿರುವ ಬಗೆಬಗೆಯ ಪ್ರೋಟೀನು, ಕೊಬ್ಬುಗಳಿಗೆಲ್ಲ ಅಂಟುತ್ತದೆ. ಎಲ್ಲ ಬಾಗಿಲಿನಿಂದಲೂ ಹೋಗುವ ವಸ್ತು ಯಾವ ಬಾಗಿಲಿನ ಬಗೆಗೂ ಖಚಿತವಾಗಿ ಹೇಳುವುದಿಲ್ಲ. ಒಂದೇ ಬಾಗಿಲಿನಿಂದ ಹೋಗುತ್ತದೆಂದು ಗೊತ್ತಿರುವ ಟ್ರಾನ್ಸ್‌ಫೆರಿನ್ ಒಂದು ಕಡೆ, ಅದರ ಜೊತೆ ಹೋಗದ ಇನ್ನೊಂದು ಪ್ರೋಟೀನು ಇನ್ನೊಂದು ಕಡೆ, ಎರಡೂ ಒಂದೇ ಕೋಶದಲ್ಲಿ, ಒಂದೇ ಗಳಿಗೆಯಲ್ಲಿ ಕಂಡಾಗ ಮಾತ್ರ ವಾದ ಗಟ್ಟಿಯಾಯಿತು. ಅಳತೆಗೋಲು ಕಣ್ಣು ಕಟ್ಟಿದ್ದೂ ಹೌದು. ಆ ಕಟ್ಟು ಬಿಚ್ಚಿದ್ದೂ ಅದರಿಂದಲೇ.

ಇನ್ನೊಂದು ಆಕ್ಷೇಪ ಇನ್ನೂ ಸರಳ: ಉಪಕರಣ ಯಾರಿಗಾದರೂ ಸಿಗುತ್ತದೆ, ಆಲೋಚನೆ ಮುಖ್ಯ. ಹೊಳೆಯುವ ಟ್ರಾನ್ಸ್‌ಫೆರಿನ್ ನೂರಾರು ಲ್ಯಾಬುಗಳಲ್ಲಿತ್ತು, ಆದರೆ ಎರಡೇ ನಿಮಿಷಕ್ಕೆ ಕೋಶವನ್ನು ತಂಪು ಮಾಡಿ ನೋಡುವ ಬುದ್ಧಿ ಎಲ್ಲರಿಗೂ ಬರಲಿಲ್ಲ ಎಂದು ಹೇಳಬಹುದು. ಬುದ್ಧಿಯನ್ನು ನಾನು ಕಡೆಗಣಿಸುತ್ತಿಲ್ಲ. ಆದರೆ ಎರಡು ನಿಮಿಷಕ್ಕೆ ನೋಡಬೇಕೆಂಬ ನಿರ್ಧಾರವೇ, ಟ್ರಾನ್ಸ್‌ಫೆರಿನ್ ಯಾವ ನಿಮಿಷಕ್ಕೆ ಎಲ್ಲಿರುತ್ತದೆಂದು 1983ರಿಂದ ಲೆಕ್ಕ ಇಟ್ಟವರ ಮೇಲೆ ನಿಂತ ನಿರ್ಧಾರ. ರಿಸೆಪ್ಟರು ಕಳೆದುಕೊಂಡ ಹ್ಯಾಮ್‌ಸ್ಟರ್ ಕೋಶವನ್ನು ಹೆಕ್ಕಿ ತೆಗೆದವರು, ಅದನ್ನು ದ್ರವ ಸಾರಜನಕದಲ್ಲಿ ಜೋಪಾನ ಮಾಡಿ ಬೇರೆ ಊರಿಗೆ ಕಳಿಸಿದವರು, ನೊಣದ ತಳಿಯನ್ನು ಶೀಷೆಯಿಂದ ಶೀಷೆಗೆ ಬದಲಿಸುತ್ತ ದಶಕಗಳ ಕಾಲ ಉಳಿಸಿದವರು: ಇವರ ಹೆಸರು ಪ್ರಬಂಧದ ತಲೆಯಲ್ಲಿರುವುದಿಲ್ಲ, ಬಹುಪಾಲು ವಿಧಾನ ಎಂಬ ಸಣ್ಣಕ್ಷರದ ಭಾಗದಲ್ಲಿ ಒಂದು ಸಾಲಾಗಿ ಉಳಿಯುತ್ತದೆ. ಚರಿತ್ರೆ ಬರೆಯುವವರು ಆ ಸಣ್ಣಕ್ಷರವನ್ನು ಓದಬೇಕು.

ಮರುಸಂಯೋಜಿತ ಟ್ರಾನ್ಸ್‌ಫೆರಿನ್ನಿನ ಕತೆ ಈ ದೃಷ್ಟಿಯಿಂದ ಬಹಳ ಪಾಠ ಹೇಳುತ್ತದೆ. ದಶಕಗಳ ಕಾಲ ಲ್ಯಾಬುಗಳಿಗೆ ಬರುತ್ತಿದ್ದ ಟ್ರಾನ್ಸ್‌ಫೆರಿನ್ ಹೆಚ್ಚಾಗಿ ದಾನಿಗಳ ಪ್ಲಾಸ್ಮಾದಿಂದ ತೆಗೆದದ್ದು. ಎಚ್‌ಐವಿ, ಹೆಪಟೈಟಿಸ್ ಕಾಲದಲ್ಲಿ ರಕ್ತಮೂಲದ ಯಾವುದನ್ನೂ ಕಣ್ಣು ಮುಚ್ಚಿ ನಂಬುವಂತಿರಲಿಲ್ಲ. ಅಲ್ಲದೆ ಪ್ಲಾಸ್ಮಾದಿಂದ ತೆಗೆದದ್ದರಲ್ಲಿ ಕಬ್ಬಿಣ ತುಂಬಿದ್ದು, ಅರ್ಧ ತುಂಬಿದ್ದು, ಖಾಲಿ, ಎಲ್ಲ ಬೆರಕೆ. ಸಕ್ಕರೆಯ ಕೊಂಬೆಗಳೂ ಒಂದೇ ಸಮನಿರುವುದಿಲ್ಲ. ಹಾಗೆಂದು ಮರುಸಂಯೋಜಿತ ಪ್ರೋಟೀನು ಸಹಜದಂತೆ ನಡೆದುಕೊಳ್ಳುತ್ತದೆಂದು ಯಾರು ಹೇಳಿದರು ಎಂಬ ಸಂಶಯ ನ್ಯಾಯವಾದದ್ದೇ. ಇದಕ್ಕೆ ಉತ್ತರ ಹುಡುಕಿದವರು ಆನ್ ಮೇಸನ್ ಮತ್ತು ಸಂಗಡಿಗರು. ಟ್ರಾನ್ಸ್‌ಫೆರಿನ್ನಿನಲ್ಲಿ ಸಕ್ಕರೆ ಅಂಟುವ ಎರಡು ಜಾಗಗಳಿವೆ, 413 ಮತ್ತು 611ನೆಯ ಅಮೈನೋ ಆಮ್ಲಗಳು. ಅವರು ಹ್ಯಾಮ್‌ಸ್ಟರಿನ ಮೂತ್ರಪಿಂಡದ ಕೋಶಗಳಲ್ಲಿ ಸಕ್ಕರೆ ಸಹಿತದ್ದನ್ನೂ, ಆ ಎರಡು ಜಾಗ ಬದಲಿಸಿ ಸಕ್ಕರೆಯಿಲ್ಲದ್ದನ್ನೂ ತಯಾರಿಸಿ, ಮಾರುಕಟ್ಟೆಯ ಪ್ಲಾಸ್ಮಾ ಟ್ರಾನ್ಸ್‌ಫೆರಿನ್ನುಗಳ ಜೊತೆ 1993ರಲ್ಲಿ ಹೋಲಿಸಿದರು. ರಿಸೆಪ್ಟರು ಹಿಡಿಯುವುದರಲ್ಲಿ, ಕೋಶಕ್ಕೆ ಕಬ್ಬಿಣ ಕೊಡುವುದರಲ್ಲಿ ಸಕ್ಕರೆ ಇಲ್ಲದ್ದೂ ಹಿಂದೆ ಬೀಳಲಿಲ್ಲ. ಈ ಪುರಾವೆಯಿಂದ ದೊಡ್ಡ ಬಾಗಿಲು ತೆರೆಯಿತು: ಸಕ್ಕರೆಯ ಗೊಡವೆ ಇಲ್ಲದಿದ್ದರೆ ಪ್ರಾಣಿಕೋಶವೇ ಬೇಕೆಂದಿಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಂನಲ್ಲಿ ಅದನ್ನು ಯೀಸ್ಟಿನಲ್ಲಿ ತಯಾರಿಸಿದರು. ಅಮೆರಿಕದ ವೆಂಟ್ರಿಯಾ ಕಂಪನಿ ಅಕ್ಕಿಕಾಳಿನಲ್ಲಿ ತಯಾರಿಸಿತು. 2010ರ ಪ್ರಬಂಧದ ಪ್ರಕಾರ ಒಂದು ಕಿಲೋ ಕಂದು ಅಕ್ಕಿಯಲ್ಲಿ ಸುಮಾರು 10 ಗ್ರಾಂ ಮನುಷ್ಯರ ಟ್ರಾನ್ಸ್‌ಫೆರಿನ್.

ಈ ಸಂಗತಿ ಕೇಳಿದವರಿಗೆ ತುಂಗಭದ್ರಾ ಕಾಲುವೆಯ ಸೀಮೆಯ ನೆನಪು ಬಾರದಿರದು. ಹಚ್ಚೊಳ್ಳಿಯ ಗದ್ದೆಯಲ್ಲಿ ಎಕರೆಗಟ್ಟಲೆ ಭತ್ತ ಬೆಳೆಯುವವರು ಅದೇ ಶ್ರಮಕ್ಕೆ ಕಿಲೋಗೆ ಸಾವಿರಾರು ರೂಪಾಯಿಯ ಬೆಳೆ ಏಕೆ ಬೆಳೆಯಬಾರದು ಎಂದು ಯಾರಾದರೂ ಕೇಳಬಹುದು. ಬೇಡವೆಂದು ನನ್ನ ಖಚಿತ ಅಭಿಪ್ರಾಯ. ಕಾರಣ ಕುಲಾಂತರಿಯ ಹೆಸರಿಗೆ ಹೆದರಿ ಅಲ್ಲ, ಅಮೆರಿಕದ ಭತ್ತ ಬೆಳೆಗಾರರ ಅನುಭವ ನೋಡಿ. ವೆಂಟ್ರಿಯಾ ಮೊದಲು ಕ್ಯಾಲಿಫೋರ್ನಿಯಾದಲ್ಲಿ ಬೆಳೆಯಲು ಹೊರಟಾಗ ಅಲ್ಲಿಯ ರೈತರೇ ಅಡ್ಡ ನಿಂತರು. 2005ರಲ್ಲಿ ಮಿಸೌರಿಗೆ ಹೋದಾಗ ಅಲ್ಲಿಯ ಅಕ್ಕಿಯ ದೊಡ್ಡ ಗಿರಾಕಿಯಾದ ಬಿಯರ್ ಕಂಪನಿ ಆನ್‌ಹೈಸರ್-ಬುಶ್, ಹಾಗೇನಾದರೂ ಆದರೆ ಆ ರಾಜ್ಯದ ಅಕ್ಕಿಯನ್ನೇ ಕೊಳ್ಳುವುದಿಲ್ಲ ಎಂದಿತು. ಕೊನೆಗೆ ಭತ್ತದ ಬೆಳೆಯೇ ಇಲ್ಲದ ಕಾನ್ಸಸ್‌ಗೆ ಅದು ಹೋಗಬೇಕಾಯಿತು. ಈ ನಡುವೆ 2006ರಲ್ಲಿ ಬೇಯರ್ ಕಂಪನಿಯ ಅನುಮತಿಯಿಲ್ಲದ ಬೇರೊಂದು ಕುಲಾಂತರಿ ಭತ್ತ ಮಾಮೂಲು ಅಕ್ಕಿಯಲ್ಲಿ ಬೆರೆತದ್ದು ಬಯಲಾಗಿ ಅಮೆರಿಕದ ಅಕ್ಕಿ ರಫ್ತಿಗೆ ಪೆಟ್ಟು ಬಿತ್ತು. 2011ರಲ್ಲಿ ಬೇಯರ್ ರೈತರಿಗೆ 75 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿತು. ಸಿರುಗುಪ್ಪದ ಸೋನಾ ಮಸೂರಿಗೆ ಹೆಸರಿದೆ, ದೂರದ ಗಿರಾಕಿಗಳಿದ್ದಾರೆ. ಊಟದ ಭತ್ತದ ನಡುವೆ ಔಷಧಿ ಭತ್ತ ಇಟ್ಟು ಕಳಂಕ ತಂದುಕೊಳ್ಳುವುದು ಜಾಣತನವಲ್ಲ.

ಪ್ರೋಟೀನು ತಯಾರಾಗಬೇಕಾದದ್ದು ಮುಚ್ಚಿದ ಉಕ್ಕಿನ ತೊಟ್ಟಿಗಳಲ್ಲಿ, ಅದಕ್ಕೆ ಬೇಕಾದ ಕಸುಬು ಕರ್ನಾಟಕಕ್ಕೆ ಹೊಸದೂ ಅಲ್ಲ. 1978ರಲ್ಲಿ ಬೆಂಗಳೂರಿನಲ್ಲಿ ಕಿಣ್ವ ತಯಾರಿಕೆಯಿಂದ ಶುರುವಾದ ಬಯೋಕಾನ್ 2004ರಲ್ಲಿ ಯೀಸ್ಟಿನಲ್ಲಿ ತಯಾರಿಸಿದ ಮನುಷ್ಯರ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. 2006ರಲ್ಲಿ ಕ್ಯೂಬಾದ ಸಹಯೋಗದಲ್ಲಿ ಕ್ಯಾನ್ಸರ್ ಕೋಶಗಳ ಇಜಿಎಫ್ ರಿಸೆಪ್ಟರನ್ನು ಹಿಡಿಯುವ ಪ್ರತಿಕಾಯವನ್ನೂ ತಂದಿತು. ಔಷಧಿಗೆ ಮಾರುಕಟ್ಟೆ ದೊಡ್ಡದು, ಆದ್ದರಿಂದ ಅದು ತಾನಾಗಿ ಬೆಳೆಯಿತು. ಲ್ಯಾಬಿನ ರೀಏಜೆಂಟಿಗೆ ಅಂಥ ಮಾರುಕಟ್ಟೆಯಿಲ್ಲ. ಒಂದು ಲ್ಯಾಬಿಗೆ ವರ್ಷಕ್ಕೆ ಬೇಕಾಗುವುದು ಕೆಲವೇ ಮಿಲಿಗ್ರಾಂ. ಅದು ವಿದೇಶದಿಂದ ಮಂಜುಗಡ್ಡೆಯ ಡಬ್ಬಿಯಲ್ಲಿ ಬರುತ್ತದೆ, ಕಸ್ಟಮ್ಸಿನಲ್ಲಿ ತಡವಾದರೆ ಕೆಡುತ್ತದೆ. ಎನ್‌ಸಿಬಿಎಸ್ ಈ ತಾಪತ್ರಯ ಸಹಿಸಬಲ್ಲದು. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ಜೀವಕೋಶ ವಿಜ್ಞಾನ ಕಲಿಯುವ ವಿದ್ಯಾರ್ಥಿಗೆ ಅದು ಹೊರೆ. ಸಿರುಗುಪ್ಪದಿಂದ ಓದಲು ಬಂದ ಹುಡುಗಿ ತನ್ನೂರಿನ ರಕ್ತಹೀನತೆಯ ಬಗ್ಗೆ ಪ್ರಯೋಗ ಮಾಡಬೇಕೆಂದರೆ ಅವಳ ಕೈಗೆ ಹೊಳೆಯುವ ಟ್ರಾನ್ಸ್‌ಫೆರಿನ್ ಸುಲಭ ಬೆಲೆಗೆ ಸಿಗಬೇಕು. ಕರ್ನಾಟಕ ಸರ್ಕಾರ 2001ರಲ್ಲೇ ಜೈವಿಕ ತಂತ್ರಜ್ಞಾನ ನೀತಿ ಪ್ರಕಟಿಸಿದೆ. ಮುಂದಿನ ನೀತಿ ಬರೆಯುವವರಲ್ಲಿ ಒಂದೇ ಕೋರಿಕೆ: ಕಂಪನಿಗಳಿಗೆ ಕೊಡುವ ರಿಯಾಯಿತಿಗಳ ಜೊತೆಗೆ, ಇಂಥ ಪ್ರೋಟೀನುಗಳನ್ನು, ಕೋಶಸಂತತಿಗಳನ್ನು, ನೊಣದ ತಳಿಗಳನ್ನು ತಯಾರಿಸಿ, ಕಾಪಾಡಿ, ರಾಜ್ಯದ ಎಲ್ಲ ವಿಶ್ವವಿದ್ಯಾಲಯಗಳಿಗೂ ಹಂಚುವ ಕೆಲಸಕ್ಕೆ ಕಾಯಂ ಹುದ್ದೆಗಳನ್ನು ಮಂಜೂರು ಮಾಡಲಿ.